ಕಣ್ಣಿನ ಪೊರೆ ಮತ್ತು ಜೀನ್‌ಗಳ ಮೇಲಿನ ಗುರುತುಗಳು: ಅಳಿಸಬಹುದಾದದ್ದು ಎಷ್ಟು?

'ಕಣ್ಣಿಗೆ ಪೊರೆ ಬಂದಿದೆ' ಎನ್ನುತ್ತೇವೆ. ಆ ಮಾತು ಕೇಳಿದರೆ ಕಣ್ಣಿನ ಮೇಲೆ ತೆಳುವಾದ ಪದರವೊಂದು ಬೆಳೆದಿದೆ, ಅದನ್ನು ಸುಲಿದರೆ ಸಾಕು ಅನ್ನಿಸುತ್ತದೆ. ನಿಜದಲ್ಲಿ ಮಂಜಾಗುವುದು ಕಣ್ಣಿನೊಳಗಿನ ಮಸೂರವೇ. ಹುಟ್ಟುವ ಮೊದಲೇ ತಯಾರಾಗಿ, ಇಷ್ಟು ವರ್ಷ ತಿಳಿಯಾಗಿದ್ದ ಅದೇ ಮಸೂರ. ಹಾವು ಪೊರೆ ಬಿಟ್ಟು ಹೊಸ ಮೈ ಪಡೆಯುತ್ತದೆ. ಮಸೂರ ಏನನ್ನೂ ಬಿಡುವುದಿಲ್ಲ. ಹಳೆಯ ಕೋಶಗಳ ಮೇಲೆ ಹೊಸ ಕೋಶಗಳು ಸುತ್ತಿಕೊಳ್ಳುತ್ತಾ ಹೋಗುತ್ತವೆ. ಹಳೆಯವು ಒಳಗೇ ಉಳಿಯುತ್ತವೆ, ಕೊನೆಯವರೆಗೂ.

ಇದು ಎಷ್ಟು ನಿಜ ಎಂದರೆ, ಮಸೂರದಿಂದ ವಯಸ್ಸನ್ನೇ ಲೆಕ್ಕ ಹಾಕಬಹುದು. 1950 ಮತ್ತು 60ರ ದಶಕದಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಜಾಸ್ತಿಯಾಯಿತು. ಆ ಏರಿಳಿತ ಮನುಷ್ಯರ ಮಸೂರದ ತಿರುಳಿನಲ್ಲೂ ಅಚ್ಚಾಗಿ ಕೂತಿದೆ ಎಂದು 2008ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ತೋರಿಸಿದರು. ಹುಟ್ಟಿದ ಹೊತ್ತಿನ ಪ್ರೋಟೀನ್ ಬದಲಾಗದೆ ಹಾಗೇ ಇತ್ತು. 2016ರಲ್ಲಿ ಇದೇ ವಿಧಾನದಿಂದ ಗ್ರೀನ್‌ಲ್ಯಾಂಡ್ ಶಾರ್ಕ್‌ಗಳ ವಯಸ್ಸು ಅಳೆದರು. ಅತಿ ದೊಡ್ಡ ಶಾರ್ಕ್‌ಗೆ ಕಡಿಮೆ ಎಂದರೂ 272 ವರ್ಷ ಆಗಿತ್ತು.

ಹೀಗೆ ಏನನ್ನೂ ಬದಲಿಸದ ಒಂದು ಅಂಗದ ಬಗ್ಗೆ ಈಗ ಒಂದು ಆಸೆ ಹುಟ್ಟಿಕೊಂಡಿದೆ. ಎಪಿಜೆನೆಟಿಕ್ಸ್ ಎಂಬ ವಿಜ್ಞಾನ ವಯಸ್ಸನ್ನೇ ಹಿಂದಕ್ಕೆ ತಿರುಗಿಸುತ್ತದಂತೆ, ಇನ್ನು ಪೊರೆಗೆ ಆಪರೇಷನ್ ಬೇಡವಂತೆ, ಒಂದು ಹನಿ ಔಷಧಿ ಸಾಕಂತೆ. ಇಂಥ ಮಾತುಗಳು ಹರಿದಾಡುತ್ತಿವೆ. ಇದರಲ್ಲಿ ಒಂದು ಪಾಲು ನಿಜ, ಮತ್ತು ಆ ಪಾಲು ತುಂಬಾ ಚೆನ್ನಾಗಿದೆ. ಉಳಿದ ಪಾಲು ಮಸೂರದ ರಚನೆಯನ್ನೇ ಮರೆತು ಆಡಿದ ಮಾತು. ಎರಡನ್ನೂ ಬೇರ್ಪಡಿಸಿ ನೋಡಬೇಕು. ಯಾಕೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪೊರೆಯಿಂದ ದೃಷ್ಟಿ ಮಂದವಾದವರು ಅಥವಾ ಕಳೆದುಕೊಂಡವರು ಜಗತ್ತಿನಲ್ಲಿ ಸುಮಾರು 9.4 ಕೋಟಿ ಜನ. ಅವರಲ್ಲಿ ಯಾರೂ ಬಾರದ ಹನಿಗಾಗಿ ಕಾಯುತ್ತಾ ಕತ್ತಲಲ್ಲಿ ಕೂರಬಾರದು.

ನೂಲು ಒಂದೇ, ನೇಯ್ಗೆ ಬೇರೆ

'ನೂಲಿನಂತೆ ಸೀರೆ' ಎಂಬ ಗಾದೆ ಇದೆ. ಜೀನ್‌ಗಳ ವಿಷಯಕ್ಕೆ ಅದು ಅರ್ಧ ಮಾತ್ರ ಸರಿ. ನಮ್ಮ ಚರ್ಮದ ಕೋಶ, ಮಿದುಳಿನ ಕೋಶ, ಮಸೂರದ ಕೋಶ ಎಲ್ಲದರಲ್ಲೂ ಇರುವ ನೂಲು ಒಂದೇ, ಅಂದರೆ ಡಿಎನ್‌ಎ ಒಂದೇ. ಹಾಗಿದ್ದರೂ ಒಂದು ಕೋಶ ಗಾಜಿನಂತೆ ತಿಳಿ, ಇನ್ನೊಂದು ಕಪ್ಪು. ಯಾವ ಜೀನ್ ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದು ಕೋಶದಿಂದ ಕೋಶಕ್ಕೆ ಬೇರೆ. ಡಿಎನ್‌ಎ ಅಕ್ಷರಗಳನ್ನು ಬದಲಿಸದೆಯೇ ಈ ಆಯ್ಕೆಯನ್ನು ನಡೆಸುವ ಮತ್ತು ನೆನಪಿಟ್ಟುಕೊಳ್ಳುವ ವ್ಯವಸ್ಥೆಯೇ ಎಪಿಜೆನೆಟಿಕ್ಸ್. ಈ ಹೆಸರನ್ನು 1942ರಲ್ಲಿ ಕೊಟ್ಟವರು ಬ್ರಿಟಿಷ್ ಜೀವವಿಜ್ಞಾನಿ ಕಾನ್ರಾಡ್ ವ್ಯಾಡಿಂಗ್ಟನ್. ಡಿಎನ್‌ಎಯ ರಚನೆ ಆಗಿನ್ನೂ ಗೊತ್ತಿರಲಿಲ್ಲ.

ಗುರುತುಗಳು ಹಲವು ಬಗೆ. ಡಿಎನ್‌ಎಯ ಸೈಟೋಸಿನ್ ಎಂಬ ಅಕ್ಷರಕ್ಕೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಳ್ಳಬಹುದು. ಜೀನ್‌ನ ಆರಂಭದ ಭಾಗದಲ್ಲಿ ಮಿಥೈಲ್ ದಟ್ಟವಾದರೆ ಸಾಮಾನ್ಯವಾಗಿ ಆ ಜೀನ್ ಮೌನವಾಗುತ್ತದೆ. ಇನ್ನೊಂದು ಬಗೆ ಹಿಸ್ಟೋನ್‌ಗಳ ಮೇಲಿನದು. ಡಿಎನ್‌ಎ ಸುತ್ತಿಕೊಳ್ಳುವ ಉಂಡೆಗಳೇ ಹಿಸ್ಟೋನ್ ಪ್ರೋಟೀನ್‌ಗಳು. ಅವಕ್ಕೆ ಅಸಿಟೈಲ್ ಗುಂಪು ಸೇರಿದರೆ ಸುತ್ತು ಸಡಿಲವಾಗಿ ಜೀನ್ ಓದಲು ಸಿಗುತ್ತದೆ. ಮೂರನೆಯದು ಮೈಕ್ರೋ ಆರ್‌ಎನ್‌ಎಗಳು. ಇವು ತೀರಾ ಚಿಕ್ಕವು. ಜೀನ್‌ನಿಂದ ಹೊರಟ ಸಂದೇಶವನ್ನು ದಾರಿಯಲ್ಲೇ ತಡೆಯುತ್ತವೆ.

ಮುಖ್ಯವಾದ ಮಾತು ಇದು: ಈ ಗುರುತುಗಳು ಇರಲು ಕೋಶದಲ್ಲಿ ಡಿಎನ್‌ಎ ಇರಬೇಕು. ಮುಂದೆ ಇದೇ ಕಥೆಯ ಗಂಟಾಗುತ್ತದೆ.

ಮಸೂರ ಹುಟ್ಟುವ ಬಗೆ

ಗರ್ಭದಲ್ಲಿ ನಾಲ್ಕನೇ ವಾರದ ಕೊನೆಗೆ ಭ್ರೂಣದ ತಲೆಯ ಎರಡೂ ಬದಿಯ ಹೊರಪದರ ಒಂದೊಂದು ಕಡೆ ದಪ್ಪಗಾಗುತ್ತದೆ. ಅದರ ಕೆಳಗೆ ಮಿದುಳಿನಿಂದ ಚಾಚಿಕೊಂಡ ಒಂದು ಬಟ್ಟಲು ಬಂದು ತಾಗಿರುತ್ತದೆ. ಈ ಬಟ್ಟಲೇ ಮುಂದೆ ಬೆಳಕನ್ನು ಗ್ರಹಿಸುವ ರೆಟಿನಾ ಆಗುತ್ತದೆ. ದಪ್ಪಗಾದ ಹೊರಪದರ ಒಳಕ್ಕೆ ಕುಸಿದು, ಗುಳಿಯಾಗಿ, ಮುಚ್ಚಿಕೊಂಡು, ಒಂದು ಟೊಳ್ಳು ಗುಳ್ಳೆಯಾಗುತ್ತದೆ. ಅದೇ ಮಸೂರದ ಮೊದಲ ರೂಪ. ಗುಳ್ಳೆಯ ಹಿಂಬದಿಯ ಕೋಶಗಳು ಉದ್ದುದ್ದ ಬೆಳೆದು ಟೊಳ್ಳನ್ನು ತುಂಬುತ್ತವೆ. ಮುಂಬದಿಯವು ಒಂದೇ ಸಾಲಿನ ತೆಳು ಪದರವಾಗಿ ಉಳಿಯುತ್ತವೆ. ಮೊದಲನೆಯವು ನಾರುಕೋಶಗಳು. ಎರಡನೆಯದನ್ನು ಈ ಲೇಖನದಲ್ಲಿ ಮುಂಪದರ ಎನ್ನುತ್ತೇನೆ.

1901ರಲ್ಲಿ ಜರ್ಮನಿಯ ಹಾನ್ಸ್ ಶ್ಪೇಮನ್ ಕಪ್ಪೆಯ ಭ್ರೂಣದಲ್ಲಿ ಆ ಬಟ್ಟಲು ಆಗುವ ಭಾಗವನ್ನು ಬಿಸಿ ಸೂಜಿಯಿಂದ ನಾಶ ಮಾಡಿ ನೋಡಿದರು. ಮಸೂರ ಹುಟ್ಟಲಿಲ್ಲ. ಒಂದು ಅಂಗಾಂಶ ಇನ್ನೊಂದಕ್ಕೆ 'ನೀನು ಇದಾಗು' ಎಂದು ಹೇಳುತ್ತದೆ ಎಂಬ ದೊಡ್ಡ ವಿಚಾರ ಅಲ್ಲಿಂದ ಬೆಳೆಯಿತು. ಆದರೆ ಬೇರೆ ಜಾತಿಯ ಕಪ್ಪೆಯಲ್ಲಿ ಬಟ್ಟಲಿಲ್ಲದೆಯೂ ಮಸೂರ ಹುಟ್ಟಿತು! ವರ್ಷಗಟ್ಟಲೆ ಇದು ಒಗಟಾಗಿತ್ತು. ಇದಕ್ಕೆ ಒಂದು ಸುಂದರವಾದ ಸುಳಿವು ಸಿಕ್ಕಿದ್ದು 2006ರಲ್ಲಿ, ಕೋಳಿ ಭ್ರೂಣದಲ್ಲಿ. ಮೂಗು, ಕಿವಿ ಮುಂತಾದವು ಆಗಬೇಕಿರುವ ತಲೆಯ ಹೊರಪದರದ ಕೋಶಗಳನ್ನು ಬೇರ್ಪಡಿಸಿ ಸುಮ್ನೆ ಅವುಗಳ ಪಾಡಿಗೆ ಬಿಟ್ಟರೆ, ಅವು ಮಸೂರದ ದಾರಿಯನ್ನೇ ಹಿಡಿದವು. ಅಂದರೆ ಮಸೂರವಾಗುವುದು ಆ ಕೋಶಗಳ ಮೊದಲ ಒಲವು. ಮೂಗಾಗಬೇಕಾದರೆ ಆ ಒಲವನ್ನು ಅಡಗಿಸುವ ಸಂಕೇತ ಬೇಕು.

ಒಲವು ಎಂದೆ. ಕೋಶದ ಒಳಗೆ ಒಲವು ಎಂದರೇನು? ಇಲ್ಲಿ ಬರುತ್ತವೆ ಗುರುತುಗಳು. ಕಣ್ಣಿನ ಜೀನ್‌ಗಳಲ್ಲಿ ಹಿರಿಯದು ಪ್ಯಾಕ್ಸ್6. 1995ರಲ್ಲಿ ವಾಲ್ಟರ್ ಗೇರಿಂಗ್ ತಂಡ ಈ ಜೀನನ್ನು ಹಣ್ಣುನೊಣದ ಕಾಲು, ರೆಕ್ಕೆಗಳಲ್ಲಿ ಚಾಲೂ ಮಾಡಿದಾಗ ಅಲ್ಲೆಲ್ಲ ಕಣ್ಣುಗಳು ಮೂಡಿದವು. ಇಷ್ಟು ಬಲಶಾಲಿ ಜೀನ್ ಕೂಡ ಒಂಟಿಯಾಗಿ ಕೆಲಸ ಮಾಡಲಾರದು. ಅದು ಹೋಗಿ ಕೂರುವ ಜಾಗ ತೆರೆದಿರಬೇಕು. ಹಿಸ್ಟೋನ್‌ಗಳಿಗೆ ಅಸಿಟೈಲ್ ಅಂಟಿಸಿ ಜಾಗ ತೆರೆಯುವ ಇಬ್ಬರು ಕೆಲಸಗಾರರು ಸಿಬಿಪಿ ಮತ್ತು ಪಿ300 ಎಂಬ ಕಿಣ್ವಗಳು. ನ್ಯೂಯಾರ್ಕ್‌ನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಆಲೆಶ್ ಸ್ವೆಕ್ಲ್ ಮತ್ತು ಜೊತೆಗಾರರು 2013ರಲ್ಲಿ ಇಲಿ ಭ್ರೂಣದ ಮಸೂರವಾಗಬೇಕಾದ ಪದರದಲ್ಲಿ ಇವೆರಡನ್ನೂ ತೆಗೆದುಹಾಕಿದರು. ಆ ಪದರ ದಪ್ಪಗಾಗಲೇ ಇಲ್ಲ. ಮಸೂರದ ಗುರುತೇ ಅದಕ್ಕೆ ಮರೆತುಹೋಗಿತ್ತು. ಜೀನ್‌ಗಳು ಎಲ್ಲವೂ ಇದ್ದವು, ಒಂದಕ್ಷರವೂ ತಪ್ಪಿರಲಿಲ್ಲ. ಓದುವ ಪುಟ ತೆರೆಯಲಿಲ್ಲ ಅಷ್ಟೇ.

ಅದೇ ವರ್ಷ ಮನುಷ್ಯರಿಂದ ಇನ್ನೊಂದು ಸಾಕ್ಷಿ ಬಂತು. ಪ್ಯಾಕ್ಸ್6ನ ಒಂದು ಪ್ರತಿ ಕೆಟ್ಟರೆ ಕಣ್ಣಿನ ಐರಿಸ್, ಅಂದರೆ ಬಣ್ಣದ ಉಂಗುರ, ಸರಿಯಾಗಿ ಬೆಳೆಯದ ಅನಿರಿಡಿಯಾ ಎಂಬ ತೊಂದರೆ ಬರುತ್ತದೆ. ಅಂಥವರಲ್ಲಿ ಪೊರೆಯೂ ಸಾಮಾನ್ಯ. ಒಬ್ಬ ರೋಗಿಯಲ್ಲಿ ಪ್ಯಾಕ್ಸ್6 ಪೂರ್ತಿ ಸರಿಯಾಗಿತ್ತು. ತಪ್ಪು ಇದ್ದದ್ದು ಅಲ್ಲಿಂದ ಸುಮಾರು ಒಂದೂವರೆ ಲಕ್ಷ ಅಕ್ಷರ ದೂರದಲ್ಲಿ, ಬೇರೊಂದು ಜೀನ್‌ನ ಒಡಲಲ್ಲಿ ಅಡಗಿದ ಒಂದು ಸ್ವಿಚ್‌ನಲ್ಲಿ. ಒಂದೇ ಒಂದು ಅಕ್ಷರ ಬದಲಾಗಿತ್ತು. ಪ್ಯಾಕ್ಸ್6 ಪ್ರೋಟೀನ್ ಆ ಸ್ವಿಚ್ ಮೇಲೆ ಕೂತು ತನ್ನದೇ ಜೀನನ್ನು ಚಾಲೂ ಇಡಬೇಕಿತ್ತು. ಕೂರಲು ಆಗಲಿಲ್ಲ. ಇದು ನೇರವಾಗಿ ಎಪಿಜೆನೆಟಿಕ್ ದೋಷವಲ್ಲ, ಅಕ್ಷರದ ದೋಷವೇ. ಆದರೂ ಇದನ್ನು ಹೇಳಿದ್ದು ಯಾಕೆಂದರೆ, ಜೀನ್ ಸರಿಯಿದ್ದರೆ ಸಾಲದು, ಅದನ್ನು ಹಚ್ಚುವ ಏರ್ಪಾಡೂ ಸರಿಯಿರಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಮಿಥೈಲ್ ಗುರುತುಗಳ ಕಥೆ ಸ್ವಲ್ಪ ಅಚ್ಚರಿಯದು. ಕೋಶ ಇಬ್ಭಾಗವಾಗುವಾಗ ಹಳೆಯ ಮಿಥೈಲ್ ಗುರುತುಗಳನ್ನು ನಕಲು ಮಾಡುವ ಕಿಣ್ವ ಡಿಎನ್‌ಎಮ್‌ಟಿ1. ಹೊಸ ಗುರುತು ಹಾಕುವವು ಅದೇ ಬಳಗದ ಡಿಎನ್‌ಎಮ್‌ಟಿ 3ಎ ಮತ್ತು 3ಬಿ. ಮಸೂರ ಬೆಳೆಯುವಾಗ ಹೊಸ ಗುರುತುಗಳೇ ಮುಖ್ಯವಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? 2017ರಲ್ಲಿ ಪ್ರಕಟವಾದ ಇಲಿ ಪ್ರಯೋಗದಲ್ಲಿ 3ಎ ಮತ್ತು 3ಬಿ ಎರಡನ್ನೂ ತೆಗೆದರೂ ಮಸೂರ ಚೆನ್ನಾಗಿಯೇ ಬೆಳೆಯಿತು. ನಕಲುಗಾರ ಡಿಎನ್‌ಎಮ್‌ಟಿ1 ಇಲ್ಲದಾಗ ಬೆಳವಣಿಗೆ ಕೆಟ್ಟಿತು. ಹೊಸದಾಗಿ ಬರೆಯುವುದಕ್ಕಿಂತ ಇದ್ದದ್ದನ್ನು ಕಾಪಾಡಿಕೊಳ್ಳುವುದೇ ಬೆಳೆಯುವ ಮಸೂರಕ್ಕೆ ಹೆಚ್ಚು ಬೇಕು ಎಂದು ನಾನು ಇದನ್ನು ಓದುತ್ತೇನೆ.

ತನ್ನನ್ನೇ ಅಳಿಸಿಕೊಳ್ಳುವ ಕೋಶ

ನಾರುಕೋಶಗಳು ಮುಂದೆ ಮಾಡುವ ಕೆಲಸ ದೇಹದಲ್ಲಿ ತೀರಾ ಅಪರೂಪದ್ದು. ಬೆಳಕು ಚದುರದೆ ಹಾದುಹೋಗಬೇಕಾದರೆ ದಾರಿಯಲ್ಲಿ ಅಡ್ಡಿ ಇರಬಾರದು. ಅದಕ್ಕೆ ಮಸೂರದಲ್ಲಿ ರಕ್ತನಾಳವಿಲ್ಲ, ನರವಿಲ್ಲ. ಸಾಲದ್ದಕ್ಕೆ ನಾರುಕೋಶಗಳು ತಮ್ಮ ಒಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳನ್ನೂ ಕೊನೆಗೆ ಡಿಎನ್‌ಎ ಇರುವ ಕೋಶಕೇಂದ್ರವನ್ನೂ ಒಡೆದು ಕರಗಿಸಿಬಿಡುತ್ತವೆ. ಡಿಎನ್‌ಎ ಚೂರುಚೂರಾಗುತ್ತದೆ. ಉಳಿಯುವುದು ಕ್ರಿಸ್ಟಲಿನ್ ಎಂಬ ಪ್ರೋಟೀನ್‌ಗಳಿಂದ ದಟ್ಟವಾಗಿ ತುಂಬಿದ ಒಂದು ತಿಳಿ ನಾರು. ಕೋಶ ಸಾಯುವುದಿಲ್ಲ. ಆದರೆ ಇನ್ನು ಮುಂದೆ ಹೊಸ ಪ್ರೋಟೀನ್ ತಯಾರಿಸಲಾರದು.

ಡಿಎನ್‌ಎ ಕತ್ತರಿಸುವ ಕೆಲಸ ಮಾಡುವ ಕಿಣ್ವವೊಂದಿದೆ. ಅದಿಲ್ಲದ ಇಲಿಗಳಲ್ಲಿ ಡಿಎನ್‌ಎ ಕರಗದೆ ಉಳಿದು ಮಸೂರದ ನಡುವೆಯೇ ಪೊರೆ ಬಂದದ್ದನ್ನು 2003ರಲ್ಲಿ ಜಪಾನಿನ ಸಂಶೋಧಕರು ವರದಿ ಮಾಡಿದರು. ಈ ಕತ್ತರಿಯನ್ನು ಹೊರತೆಗೆಯಲು ಅಪ್ಪಣೆ ಕೊಡುವವರು ಯಾರು? 2010ರ ಒಂದು ಪ್ರಯೋಗ ಬ್ರಗ್1 ಕಡೆಗೆ ಬೆರಳು ತೋರಿತು. ಡಿಎನ್‌ಎ ಸುತ್ತಿದ ಉಂಡೆಗಳನ್ನು ಸರಿಸಿ ಜಾಗ ಮಾಡುವ ಯಂತ್ರ ಅದು. ಅದರ ಕೆಲಸಕ್ಕೆ ಅಡ್ಡಿ ಮಾಡಿದಾಗ ಕತ್ತರಿ ಕಿಣ್ವ ಕಡಿಮೆಯಾಗಿ, ಕೋಶಕೇಂದ್ರಗಳು ಕರಗದೆ ನಿಂತವು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ. ಡಿಎನ್‌ಎಯನ್ನು ಜೋಪಾನ ಮಾಡಿ ಓದಿಸುವ ವ್ಯವಸ್ಥೆಯೇ, ಕೊನೆಯ ಕೆಲಸವಾಗಿ, ಆ ಡಿಎನ್‌ಎಯನ್ನು ಅಳಿಸುವ ಪುಟವನ್ನು ತೆರೆದು ಕೊಡುತ್ತದೆ.

ಈಗ ಆ ಗಂಟಿಗೆ ಬರೋಣ. ವಯಸ್ಸಾದವರಲ್ಲಿ ಪೊರೆ ಮೂಡುವುದು ಬಹುಪಾಲು ನಾರುಕೋಶಗಳ ರಾಶಿಯಲ್ಲಿ. ಅದರಲ್ಲೂ ಮಸೂರದ ತಿರುಳು ಮಂಜಾಗಿ ಕಂದುವ ಬಗೆ ತುಂಬಾ ಸಾಮಾನ್ಯ. ಆ ತಿರುಳಿನ ಕೋಶಗಳಲ್ಲಿ ಡಿಎನ್‌ಎ ಇಲ್ಲ. ಮಿಥೈಲ್ ಇಲ್ಲ, ಹಿಸ್ಟೋನ್ ಇಲ್ಲ. ಅಳಿಸಲು ಅಥವಾ ತಿದ್ದಲು ಅಲ್ಲಿ ಗುರುತುಗಳೇ ಇಲ್ಲ. ಇರುವುದು ದಶಕಗಳಿಂದ ಬಿಸಿಲು, ಸಕ್ಕರೆ, ಆಕ್ಸಿಜನ್ ಏಟು ತಿಂದು ಒಂದಕ್ಕೊಂದು ಅಂಟಿಕೊಂಡ ಹಳೆಯ ಪ್ರೋಟೀನ್. ಹಾಗಾಗಿ ಬಲಿತ ಪೊರೆಯನ್ನು ಎಪಿಜೆನೆಟಿಕ್ ಔಷಧಿಯಿಂದ ತಿಳಿಯಾಗಿಸುತ್ತೇವೆ ಎಂದು ಯಾರಾದರೂ ಹೇಳಿದರೆ, ಔಷಧಿ ಎಲ್ಲಿ ಹೋಗಿ ಯಾವುದರ ಮೇಲೆ ಕೆಲಸ ಮಾಡುತ್ತದೆ ಎಂದು ಕೇಳಬೇಕು.

ಹಾಗಾದರೆ ಎಪಿಜೆನೆಟಿಕ್ಸ್‌ಗೂ ವಯಸ್ಸಿನ ಪೊರೆಗೂ ಸಂಬಂಧವೇ ಇಲ್ಲವೇ? ಇದೆ. ಮುಂಪದರದ ಮೂಲಕ.

ಕಾವಲು ಕಾಯುವ ಮುಂಪದರ

ಮಸೂರದಲ್ಲಿ ಕೋಶಕೇಂದ್ರ ಉಳಿಸಿಕೊಂಡಿರುವುದು ಮುಂಪದರ ಮತ್ತು ಇನ್ನೂ ಎಳೆಯವಾದ ಹೊರಸುತ್ತಿನ ನಾರುಕೋಶಗಳು. ಇಡೀ ಮಸೂರದ ಉಪ್ಪು ನೀರಿನ ಸಮತೋಲನ, ಆಕ್ಸಿಜನ್ ಹಾನಿ ತಡೆಯುವ ಗ್ಲುಟಾಥಯೋನ್ ತಯಾರಿ, ಇವೆಲ್ಲ ಬಹುಮಟ್ಟಿಗೆ ಇವುಗಳ ಹೆಗಲ ಮೇಲಿದೆ. ಮುಂಪದರ ಸೋತರೆ ಒಳಗಿನ ಮೂಕ ನಾರುಗಳಿಗೆ ದಿಕ್ಕಿಲ್ಲ.

ವಯಸ್ಸಾದ ಮುಂಪದರದಲ್ಲಿ ಗುರುತುಗಳು ಬದಲಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಎರಡನ್ನು ಹೇಳುತ್ತೇನೆ. ಮೊದಲನೆಯದು ಆಲ್ಫಾ ಎ ಕ್ರಿಸ್ಟಲಿನ್. ಇದು ಬರೀ ಇಟ್ಟಿಗೆಯಂಥ ಪ್ರೋಟೀನ್ ಅಲ್ಲ. ಆಲ್ಫಾ ಕ್ರಿಸ್ಟಲಿನ್‌ಗಳು ಹಾಳಾಗುತ್ತಿರುವ ಬೇರೆ ಪ್ರೋಟೀನ್‌ಗಳನ್ನು ಹಿಡಿದುಕೊಂಡು, ಅವು ಗಂಟುಗಟ್ಟದಂತೆ ಕಾಯುತ್ತವೆ ಎಂದು 1992ರಲ್ಲಿ ಜೋಸೆಫ್ ಹಾರ್ವಿಟ್ಸ್ ತೋರಿಸಿದ್ದರು. 2012ರಲ್ಲಿ ಚೀನಾದ ಸಂಶೋಧಕರು ತಿರುಳಿನ ಪೊರೆ ಇದ್ದವರ ಮುಂಪದರವನ್ನು ಪರೀಕ್ಷಿಸಿದಾಗ, ಈ ಜೀನ್‌ನ ಆರಂಭದ ಭಾಗದಲ್ಲಿ ಮಿಥೈಲ್ ಜಾಸ್ತಿಯಾಗಿತ್ತು, ಪ್ರೋಟೀನ್ ಕಡಿಮೆಯಾಗಿತ್ತು. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಗೆ ಮಿಥೈಲ್ ಕಡಿಮೆ ಮಾಡುವ ಔಷಧಿ ಹಾಕಿದಾಗ ಜೀನ್ ಮತ್ತೆ ಚುರುಕಾಯಿತು.

ಎರಡನೆಯದು ಇದಕ್ಕೆ ತಿರುಗುಮುರುಗು. ಆಕ್ಸಿಜನ್ ಹಾನಿಯನ್ನು ಎದುರಿಸುವ ಜೀನ್‌ಗಳಿಗೆ ಒಬ್ಬ ದಳಪತಿ ಇದ್ದಾನೆ, ಹೆಸರು ಎನ್‌ಆರ್‌ಎಫ್2. ಅವನನ್ನು ಹಿಡಿದು ನಾಶಕ್ಕೆ ಕಳಿಸುವವನು ಕೀಪ್1. ಎಳೆಯ ಮಸೂರದಲ್ಲಿ ಕೀಪ್1 ಜೀನ್‌ನ ಮೇಲೆ ಮಿಥೈಲ್ ಇದ್ದು ಅದು ತಕ್ಕಮಟ್ಟಿಗೆ ಸುಮ್ಮನಿರುತ್ತದೆ. ಅಮೆರಿಕದ ನೆಬ್ರಾಸ್ಕದಲ್ಲಿ ತೊಶಿಮಿಚಿ ಶಿನೋಹಾರಾ ತಂಡ, ಮಧುಮೇಹ ಇದ್ದವರ ಪೊರೆ ಬಂದ ಮಸೂರಗಳಲ್ಲಿ ಆ ಮಿಥೈಲ್ ಕಳಚಿಹೋಗಿರುವುದನ್ನು 2012ರಲ್ಲಿ ವರದಿ ಮಾಡಿತು. ಕೀಪ್1 ಜಾಸ್ತಿಯಾಯಿತು, ದಳಪತಿ ಕಡಿಮೆಯಾದ, ಕಾವಲು ಸಡಿಲವಾಯಿತು. ಸಕ್ಕರೆ ಹೆಚ್ಚಾದಾಗ ಹುಟ್ಟುವ ಮಿಥೈಲ್‌ಗ್ಲೈಆಕ್ಸಲ್ ಎಂಬ ರಾಸಾಯನಿಕ ಈ ಬದಲಾವಣೆ ತರಬಲ್ಲದು ಎಂದೂ ಅದೇ ತಂಡ ಮುಂದೆ ತೋರಿಸಿತು.

ಗಮನಿಸಿ. ಒಂದು ಕಡೆ ಮಿಥೈಲ್ ಜಾಸ್ತಿಯಾದದ್ದು ಕೆಡುಕು. ಇನ್ನೊಂದು ಕಡೆ ಕಡಿಮೆಯಾದದ್ದು ಕೆಡುಕು. ಮಿಥೈಲ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಯಾವ ಜೀನ್ ಮೇಲೆ, ಯಾವ ಕೋಶದಲ್ಲಿ, ಯಾವ ವಯಸ್ಸಿನಲ್ಲಿ ಎಂದು ಕೇಳಬೇಕು. ದೇಹದಲ್ಲಿ ಮಿಥೈಲ್ ಹೆಚ್ಚಿಸುತ್ತೇವೆ ಎಂದು ಮಾರುವ ಮಾತ್ರೆಗಳನ್ನು ನೋಡಿದಾಗ ನನಗೆ ಸಂಕಟವಾಗುವುದು ಇದಕ್ಕೇ.

ಇನ್ನು ಈ ಅಧ್ಯಯನಗಳ ಮಿತಿಯನ್ನೂ ಹೇಳಬೇಕು. ಪೊರೆ ಆಪರೇಷನ್‌ನಲ್ಲಿ ವೈದ್ಯರು ಮಸೂರವನ್ನು ಸುತ್ತಿರುವ ತೆಳು ಚೀಲದ ಮುಂಭಾಗದಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ಒಂದು ಬಿಲ್ಲೆಯನ್ನು ಕತ್ತರಿಸಿ ತೆಗೆಯುತ್ತಾರೆ. ಸಂಶೋಧಕರಿಗೆ ಸಿಗುವುದು ಬಹುತೇಕ ಆ ಬಿಲ್ಲೆಗೆ ಅಂಟಿದ ಮುಂಪದರ. ಮಂಜು ಇರುವುದು ಒಳಗೆ, ಪರೀಕ್ಷೆ ಮಾಡುವುದು ಹೊರಗಿನದನ್ನು. ಹೋಲಿಸಿ ನೋಡಲು ಅದೇ ವಯಸ್ಸಿನ, ಪೊರೆಯಿಲ್ಲದ ಜೀವಂತ ವ್ಯಕ್ತಿಯ ಮುಂಪದರವನ್ನು ಯಾರು ಕೊಡುತ್ತಾರೆ? ದಾನದ ಕಣ್ಣುಗಳೇ ಗತಿ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಗುರುತು ಬದಲಾದ್ದರಿಂದ ಪೊರೆ ಬಂತೋ, ಪೊರೆ ಬಂದ ಮಸೂರದಲ್ಲಿ ಒತ್ತಡ ಹೆಚ್ಚಾಗಿ ಗುರುತು ಬದಲಾಯಿತೋ? ಆಪರೇಷನ್ ದಿನ ತೆಗೆದ ಒಂದೇ ಒಂದು ಚಿತ್ರದಿಂದ ಇದನ್ನು ಹೇಳಲು ಬರುವುದಿಲ್ಲ.

ಅವಳಿಗಳ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. 2000ದಲ್ಲಿ ಪ್ರಕಟವಾದ ಬ್ರಿಟನ್ನಿನ ಆ ಅಧ್ಯಯನದಲ್ಲಿ 500ಕ್ಕೂ ಹೆಚ್ಚು ಜೋಡಿ ಅವಳಿ ಮಹಿಳೆಯರ ಮಸೂರ ಪರೀಕ್ಷಿಸಿದ್ದರು. ತಿರುಳಿನ ಪೊರೆ ಒಬ್ಬರಿಂದ ಒಬ್ಬರಿಗೆ ಬೇರೆಯಾಗಿರುವುದಕ್ಕೆ ನೂರರಲ್ಲಿ ಸುಮಾರು 48 ಪಾಲು ಆನುವಂಶಿಕತೆ, 38 ಪಾಲು ವಯಸ್ಸು, 14 ಪಾಲು ಪರಿಸರ ಕಾರಣ ಎಂದು ಲೆಕ್ಕ ಸಿಕ್ಕಿತು. ವಯಸ್ಸು ಎಂಬುದು ಒಂದು ಅಂಕಿ ಮಾತ್ರ. ಅದರ ಒಳಗೆ ನಡೆಯುವುದೇನು ಎಂಬುದಕ್ಕೆ ಉತ್ತರದ ಒಂದು ತುಂಡು ಎಪಿಜೆನೆಟಿಕ್ಸ್‌ನಲ್ಲಿ ಇರಬಹುದು. ಆ 38ರಲ್ಲಿ ಎಷ್ಟು ಪಾಲು ಎಂದು ಅಳೆದು ಹೇಳುವ ಹಂತಕ್ಕೆ ವಿಜ್ಞಾನ ಬಂದಿಲ್ಲ.

ಕಣ್ಣಿಗೇ ಕಾಣುವ ಗುರುತು

ಹುಟ್ಟಿನಿಂದ ಬರುವ ಪೊರೆಗಳಲ್ಲಿ ಎಪಿಜೆನೆಟಿಕ್ಸ್‌ನ ಕೈ ಕೆಲವೊಮ್ಮೆ ನೇರವಾಗಿ ಕಾಣುತ್ತದೆ. ಲೋವ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿದೆ. ಗಂಡುಮಕ್ಕಳಿಗೆ ಒಂದೇ ಎಕ್ಸ್. ಅದು ಕೆಟ್ಟಿದ್ದರೆ ಎರಡೂ ಕಣ್ಣಿನಲ್ಲಿ ದಟ್ಟ ಪೊರೆಯೊಂದಿಗೇ ಮಗು ಹುಟ್ಟುತ್ತದೆ. ತಾಯಿಗೆ ಎರಡು ಎಕ್ಸ್, ಅದರಲ್ಲಿ ಒಂದು ಸರಿ. ಹೆಣ್ಣಿನ ಪ್ರತಿ ಕೋಶವೂ ಎರಡರಲ್ಲಿ ಒಂದು ಎಕ್ಸ್ ಅನ್ನು ಮೌನಗೊಳಿಸುತ್ತದೆ ಎಂದು 1961ರಲ್ಲಿ ಮೇರಿ ಲಯನ್ ಹೇಳಿದ್ದರು. ಈ ಮೌನ ಪೂರ್ತಿ ಎಪಿಜೆನೆಟಿಕ್. ಯಾವ ಕೋಶ ಯಾವುದನ್ನು ಮುಚ್ಚುತ್ತದೆ ಎಂಬುದು ಅದೃಷ್ಟದ ಆಟ. ಹಾಗಾಗಿ ತಾಯಿಯ ಮಸೂರ ಎರಡು ಬಗೆಯ ಕೋಶಗಳ ಮಿಶ್ರಣ. ಅವರ ದೃಷ್ಟಿಗೆ ಸಾಮಾನ್ಯವಾಗಿ ತೊಂದರೆಯಿರುವುದಿಲ್ಲ. ಆದರೆ ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಲ್ಲಿ ನೋಡಿದರೆ ಮಸೂರದಲ್ಲಿ ಚುಕ್ಕೆ ಚುಕ್ಕೆಯಾಗಿ ಬಿಳಿ ಹರಡಿರುವುದು ಕಾಣುತ್ತದೆ. ಎಪಿಜೆನೆಟಿಕ್ಸ್ ಕಾಣದ ಅಮೂರ್ತ ವಿಷಯ ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಚುಕ್ಕೆಗಳ ಬಗ್ಗೆ.

ಮೈಕ್ರೋ ಆರ್‌ಎನ್‌ಎಗಳಿಗೂ ಒಂದು ಮಾತು. ಇವನ್ನು ತಯಾರಿಸುವ ಡೈಸರ್ ಎಂಬ ಕಿಣ್ವವನ್ನು ಇಲಿ ಮಸೂರದಲ್ಲಿ ತೆಗೆದರೆ ಮಸೂರ ಉಳಿಯುವುದಿಲ್ಲ. ಮನುಷ್ಯರಲ್ಲಿ, ಉತ್ತರ ಐರ್ಲೆಂಡ್‌ನ ಒಂದು ಕುಟುಂಬದಲ್ಲಿ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಕಾಯಿಲೆ ಮತ್ತು ಎಳೆವಯಸ್ಸಿನ ಪೊರೆ ಒಟ್ಟಿಗೆ ಹರಿದುಬರುತ್ತಿತ್ತು. 2011ರಲ್ಲಿ ಕಾರಣ ಸಿಕ್ಕಿತು: ಮೈಕ್ರೋ ಆರ್‌ಎನ್‌ಎ-184ರಲ್ಲಿ ಒಂದಕ್ಷರದ ತಪ್ಪು. ಪ್ರೋಟೀನ್ ಮಾಡದ ಒಂದು ಚಿಕ್ಕ ತುಣುಕು ತಪ್ಪಿದ್ದಕ್ಕೆ ತಲೆಮಾರುಗಳ ಕಣ್ಣು ಮಂಜಾಗಿತ್ತು.

ಚಿಕಿತ್ಸೆ ಎಲ್ಲಿ ಸಾಧ್ಯ?

ಪೊರೆಗೆ ಇಂದು ಇರುವ ಚಿಕಿತ್ಸೆ ಆಪರೇಷನ್. ಮಂಜಾದ ಮಸೂರ ತೆಗೆದು ಕೃತಕ ಲೆನ್ಸ್ ಇಡುವುದು. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಶುರುಮಾಡಿದ ಈ ದಾರಿ ಇಂದು ಅತ್ಯಂತ ಯಶಸ್ವಿ ಆಪರೇಷನ್‌ಗಳಲ್ಲಿ ಒಂದು. ಇದನ್ನು ಮುಂದೂಡಿ ಹನಿಗಾಗಿ ಕಾಯಲು ಕಾರಣವಿಲ್ಲ. 2015ರಲ್ಲಿ ಲಾನೊಸ್ಟೆರಾಲ್ ಎಂಬ ವಸ್ತು ನಾಯಿಗಳ ಪೊರೆಯನ್ನು ಕಡಿಮೆ ಮಾಡಿತು ಎಂಬ ವರದಿ ಬಂದಾಗ ದೊಡ್ಡ ಸಂಭ್ರಮವಾಯಿತು. ಅದು ಎಪಿಜೆನೆಟಿಕ್ ಔಷಧಿಯಾಗಿರಲಿಲ್ಲ, ಗಂಟಾದ ಪ್ರೋಟೀನನ್ನೇ ಬಿಡಿಸುವ ಪ್ರಯತ್ನ. ಮುಂದೆ ಮನುಷ್ಯರ ಪೊರೆ ಬಂದ ಮಸೂರಗಳ ಮೇಲೆ ಪ್ರಯೋಗಾಲಯದಲ್ಲಿ ನೋಡಿದವರಿಗೆ ಆ ಫಲ ಸಿಗಲಿಲ್ಲ.

2020ರಲ್ಲಿ ಇನ್ನೊಂದು ಸುದ್ದಿ. ಹಾರ್ವರ್ಡ್‌ನ ಡೇವಿಡ್ ಸಿಂಕ್ಲೇರ್ ತಂಡ ಇಲಿಗಳ ಕಣ್ಣಿನಲ್ಲಿ ಮೂರು ಜೀನ್‌ಗಳನ್ನು ಚಾಲೂ ಮಾಡಿ ಮಿಥೈಲ್ ಗುರುತುಗಳನ್ನು ಎಳೆಯ ಸ್ಥಿತಿಯತ್ತ ತಂದು, ದೃಷ್ಟಿ ಸುಧಾರಿಸಿತು. 'ವಯಸ್ಸು ಹಿಂದಕ್ಕೆ' ಎಂಬ ಮಾತಿನ ಮೂಲಗಳಲ್ಲಿ ಇದೂ ಒಂದು. ಕೆಲಸ ನಿಜವಾಗಿ ದೊಡ್ಡದು. ಆದರೆ ಅದು ನಡೆದದ್ದು ರೆಟಿನಾದ ನರಕೋಶಗಳಲ್ಲಿ. ಅವುಗಳಲ್ಲಿ ಕೋಶಕೇಂದ್ರವಿದೆ. ಮಸೂರದ ತಿರುಳಿಗೆ ಅದನ್ನು ಹಾಗೇ ಎತ್ತಿ ಅನ್ವಯಿಸಲು ಬರುವುದಿಲ್ಲ.

ಎಪಿಜೆನೆಟಿಕ್ ಔಷಧಿಗೆ ಮಸೂರದಲ್ಲಿ ನಿಜವಾದ ಅವಕಾಶ ನನಗೆ ಕಾಣುವುದು ಆಪರೇಷನ್ ಆದ ನಂತರ. ಚೀಲದಲ್ಲಿ ಉಳಿದುಕೊಂಡ ಮುಂಪದರದ ಕೋಶಗಳು ಕೆಲವರಲ್ಲಿ ಹಿಂಬದಿಗೆ ಹರಿದು, ರೂಪ ಬದಲಿಸಿ, ಗಾಯದ ಕಲೆಯಂತೆ ಬೆಳೆದು, ಮತ್ತೆ ಮಂಜು ತರುತ್ತವೆ. ಜನ ಇದನ್ನು ಎರಡನೇ ಪೊರೆ ಎನ್ನುತ್ತಾರೆ. ಮಕ್ಕಳಲ್ಲಿ ಇದು ತುಂಬಾ ಜಾಸ್ತಿ. ದೊಡ್ಡವರಿಗೆ ಲೇಸರ್‌ನಿಂದ ಹಿಂಬದಿಯ ಚೀಲದಲ್ಲಿ ಕಿಂಡಿ ಮಾಡಿ ಸರಿಪಡಿಸುತ್ತಾರೆ. ಇಲ್ಲಿ ತಪ್ಪು ಮಾಡುತ್ತಿರುವುದು ಕೋಶಕೇಂದ್ರ ಇರುವ ಜೀವಂತ ಕೋಶ. ಗುರುತು ತಿದ್ದಬಹುದು. ಹಿಸ್ಟೋನ್‌ಗಳಿಂದ ಅಸಿಟೈಲ್ ಕೀಳುವ ಕಿಣ್ವಗಳನ್ನು ತಡೆಯುವ ಔಷಧಿಗಳು ಈ ರೂಪ ಬದಲಾವಣೆಯನ್ನು ನಿಲ್ಲಿಸಿರುವುದು ಪ್ರಯೋಗಾಲಯದ ಕೋಶಗಳಲ್ಲಿ ಕಂಡಿದೆ.

ಅಡ್ಡಿಯೂ ಅಲ್ಲೇ ಇದೆ. ಇದೇ ಬಗೆಯ ಔಷಧಿಯಾದ ವಾಲ್ಪ್ರೋಯಿಕ್ ಆಮ್ಲ ಮಸೂರದ ಕೋಶಗಳಲ್ಲಿ ಕೀಪ್1ರ ಮಿಥೈಲ್ ಕಳಚಿ ಕಾವಲನ್ನು ಕುಗ್ಗಿಸಿದ್ದನ್ನು ಶಿನೋಹಾರಾ ತಂಡವೇ 2014ರಲ್ಲಿ ಕಂಡಿತ್ತು. ಈ ಔಷಧಿಗಳು ಒಂದು ಜೀನ್ ನೋಡಿ ಕೆಲಸ ಮಾಡುವುದಿಲ್ಲ. ಸಾವಿರಾರು ಕಡೆ ಒಟ್ಟಿಗೆ ಕೈ ಹಾಕುತ್ತವೆ. ಕೆಲವನ್ನು ರಕ್ತದ ಕ್ಯಾನ್ಸರ್‌ಗಳಿಗೆ ಕೊಡುತ್ತಾರೆ. ಪ್ರಾಣದ ಪ್ರಶ್ನೆ ಇರುವಲ್ಲಿ ಅಡ್ಡಪರಿಣಾಮ ಸಹಿಸಬಹುದು. ಲೇಸರ್‌ನಿಂದ ನಿಮಿಷಗಳಲ್ಲಿ ಮುಗಿಯುವ ತೊಂದರೆಗೆ ಅಷ್ಟು ಬೆಲೆ ತೆರುವುದು ಸರಿಯಲ್ಲ. ಬೇಕಿರುವುದು ಚೀಲದ ಒಳಗಷ್ಟೇ ಇದ್ದು, ಕಾರ್ನಿಯಾ ಮತ್ತು ರೆಟಿನಾ ಮುಟ್ಟದೆ ಕೆಲಸ ಮಾಡುವ ಔಷಧಿ. ಮಕ್ಕಳ ಪಾಲಿಗೆ ಅದು ಬಂದರೆ ದೊಡ್ಡ ಉಪಕಾರ.

ಮಕ್ಕಳ ವಿಷಯದಲ್ಲಿ ಇನ್ನೂ ಧೈರ್ಯದ ಪ್ರಯತ್ನವೊಂದು 2016ರಲ್ಲಿ ಚೀನಾದಲ್ಲಿ ನಡೆಯಿತು. ಮುಂಪದರದ ಕೋಶಗಳನ್ನು ಶತ್ರು ಎಂದು ನೋಡುವ ಬದಲು, ಅವುಗಳಿಂದಲೇ ಹೊಸ ಮಸೂರ ಬೆಳೆಸಲಾಗದೇ ಎಂಬ ಯೋಚನೆ. ಪೊರೆಯೊಂದಿಗೆ ಹುಟ್ಟಿದ 12 ಶಿಶುಗಳಲ್ಲಿ ಚೀಲದ ಅಂಚಿನಲ್ಲಿ ತೀರಾ ಚಿಕ್ಕ ತೂತು ಮಾಡಿ ಮಂಜಾದ ಭಾಗ ತೆಗೆದರು. ಮುಂಪದರವನ್ನು ಹಾಗೇ ಉಳಿಸಿದರು. ಕೆಲವು ತಿಂಗಳಲ್ಲಿ ಒಳಗೆ ಮಸೂರದಂಥ ರಚನೆ ಮತ್ತೆ ಬೆಳೆಯಿತು ಎಂದು ವರದಿಯಾಯಿತು. ಅದೇ ಕೆಲಸದಲ್ಲಿ ಇಲಿಗಳಿಂದ ತಿಳಿದ ವಿಷಯ ನಮ್ಮ ಕಥೆಗೆ ನೇರ ಸೇರುತ್ತದೆ. ಮುಂಪದರದ ಕೋಶಗಳ ಈ ಶಕ್ತಿ ಉಳಿಯಲು ಬಿಎಮ್‌ಐ1 ಎಂಬ ಪ್ರೋಟೀನ್ ಬೇಕು. ಅದು ಹಿಸ್ಟೋನ್‌ಗಳ ಮೇಲೆ ಮೌನದ ಗುರುತು ಹಾಕುವ ಪಾಲಿಕೋಂಬ್ ಗುಂಪಿನದು. ಅದಿಲ್ಲದ ಇಲಿಗಳಿಗೆ ಪೊರೆ ಬಂತು. 2018ರಲ್ಲಿ ಬೇರೆ ನೇತ್ರತಜ್ಞರು, ಆ ವರದಿ ಪ್ರಕಟವಾಗಿದ್ದ ವಿಜ್ಞಾನ ಪತ್ರಿಕೆಯಲ್ಲೇ, ಈ ಶಿಶುಗಳ ಫಲಿತಾಂಶದ ಬಗ್ಗೆ ಗಂಭೀರ ಪ್ರಶ್ನೆಗಳನ್ನು ಎತ್ತಿದರು. ನನ್ನ ಮಟ್ಟಿಗೆ ಇದು ತೆರೆದ ಬಾಗಿಲು, ಇನ್ನೂ ತಲುಪಿದ ಮನೆಯಲ್ಲ.

ಮಸೂರ ನಿಜವಾಗಿಯೂ ಹೊಸದಾಗಿ ಹುಟ್ಟುವುದನ್ನು ನೋಡಬೇಕಾದರೆ ನ್ಯೂಟ್ ಎಂಬ ಪುಟ್ಟ ಉಭಯಚರದ ಬಳಿಗೆ ಹೋಗಬೇಕು. ಅದರ ಮಸೂರ ತೆಗೆದರೆ, ಐರಿಸ್‌ನ ಕಪ್ಪು ಕೋಶಗಳು ತಮ್ಮ ಬಣ್ಣ ಕಳೆದುಕೊಂಡು, ಹಿಸ್ಟೋನ್ ಗುರುತುಗಳನ್ನು ಬದಲಿಸಿಕೊಂಡು, ಮಸೂರದ ಕೋಶಗಳಾಗುತ್ತವೆ. ಜಪಾನಿನ ಗೊರೊ ಎಗುಚಿ ಮತ್ತು ಅಮೆರಿಕದ ಪನಾಯೋಟಿಸ್ ಟ್ಸೋನಿಸ್ ಜೊತೆಯಾಗಿ ಮಾಡಿದ ಪ್ರಯೋಗದಲ್ಲಿ ಅದೇ ನ್ಯೂಟ್‌ಗಳ ಮಸೂರವನ್ನು 16 ವರ್ಷಗಳಲ್ಲಿ 18 ಬಾರಿ ತೆಗೆದರು. ಪ್ರತಿ ಸಲವೂ ಹೊಸದು ಬೆಳೆಯಿತು. ಕೊನೆಗೆ ಆ ಪ್ರಾಣಿಗಳಿಗೆ 30 ವರ್ಷ ದಾಟಿತ್ತು. 2011ರಲ್ಲಿ ಇದು ಪ್ರಕಟವಾಯಿತು. 2015ರಲ್ಲಿ ಅದೇ ಬಳಗ 19ನೇ ಸಲ ಬೆಳೆದ ಮಸೂರದ ಜೀನ್ ಚಟುವಟಿಕೆಯನ್ನು ಎಳೆಯ ನ್ಯೂಟ್‌ನ ಮಸೂರದೊಂದಿಗೆ ಹೋಲಿಸಿತು. ಎರಡೂ ಬಹುತೇಕ ಒಂದೇ ತೆರನಾಗಿದ್ದವು. ಒಮ್ಮೆಯೂ ಕತ್ತರಿಸದ ಅದೇ ಪ್ರಾಣಿಗಳ ಬಾಲದಲ್ಲಿ ಮಾತ್ರ ಮುಪ್ಪಿನ ಗುರುತುಗಳು ಸ್ಪಷ್ಟವಾಗಿ ಕಂಡವು.